ಟವಲ್ ಕೆಳಗಿನ ನಾಲ್ಕು ಬೆರಳು

ಸ್ವಲ್ಪ ತಾಳಿ. ನನ್ನ ಹದಿನಾಲ್ಕು ನಿಮಿಷದ ಸಿನಿಮಾ ನೋಡಿ "ಕ್ಲೈಮ್ಯಾಕ್ಸ್ ಬೆಂಕಿ ಗುರು" ಅಂತ ಬರೆದವರು ಇದನ್ನೊಂದು ಓದಿ ಮುಗಿಸುವವರೆಗೆ ಕಾಯಬೇಕು. ನಾನು ಹೇಳಬೇಕಾಗಿರುವುದು ಆ ಬೆಂಕಿಯ ವಿಷಯವೇ. ನೇರವಾಗಿ ಅಲ್ಲಿಗೆ ಹೋದರೆ ಅರ್ಥವಾಗುವುದಿಲ್ಲ, ಅದಕ್ಕೇ ಶುರುವಿನಿಂದ ಬರುತ್ತೇನೆ.

ನಾನು ಶ್ರೀನಿವಾಸಪುರದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನು. ಯಾರೂ ಕಲಿಸಲಿಲ್ಲ, ಫೋನಿನಲ್ಲಿ ನೋಡಿ ನೋಡಿ ಕಲಿತೆ. ನನಗಿದ್ದದ್ದು ಒಂದೇ ಹುಚ್ಚು. ಹದಿಹರೆಯದವರಿಗೆ ಅಂತ ಬರೆದ ಕರಾಳ ಭವಿಷ್ಯದ ಕಾದಂಬರಿಗಳು ಇರುತ್ತವಲ್ಲ, ಅವುಗಳಿಂದ ಬಂದ ಸಿನಿಮಾಗಳು. ಮುಂದೊಂದು ಕಾಲದ ಊರು, ಸುತ್ತ ಗೋಡೆ, ದೊಡ್ಡವರು ಸೇರಿ ಮಕ್ಕಳನ್ನು ಬೇರೆ ಬೇರೆ ಗುಂಪಿಗೆ ಹಾಕುತ್ತಾರೆ, ಒಬ್ಬಳು ಹುಡುಗಿ ಒಪ್ಪುವುದಿಲ್ಲ. ಪುಸ್ತಕ ಓದಿದವರು ಥಿಯೇಟರಿಗೆ ಓಡುತ್ತಾರೆ, ಸಿನಿಮಾ ನೋಡಿದವರು ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ. ನಾನು ಎಲ್ಲವನ್ನೂ ತೆಲುಗು ಡಬ್ಬಿಂಗಿನಲ್ಲಿ ನೋಡಿದವನು, ಒಂದೊಂದನ್ನು ನಾಲ್ಕೈದು ಸಲ. ಅವು ಯಾಕೆ ಗೆದ್ದವು ಅಂತ ಪತ್ತೆ ಹಚ್ಚಲು ಏಳು ಸಿನಿಮಾಗಳನ್ನು ನಿಮಿಷ ನಿಮಿಷಕ್ಕೆ ಬಿಡಿಸಿ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದೆ. ಎಲ್ಲಿ ವಿಂಗಡಣೆ, ಎಲ್ಲಿ ಮೊದಲ ಓಟ, ಎಲ್ಲಿ ಪ್ರೀತಿ. ಕೊನೆಯ ಖಾನೆಯಲ್ಲಿ ಏಳಕ್ಕೆ ಏಳೂ ಸಲ ಒಂದೇ ಪದ ಬರೆದಿದ್ದೆ: ಬೆಂಕಿ.

ನಮ್ಮ ಕಡೆಯಲ್ಲೇ ಇಂಥದ್ದೊಂದು ಮಾಡಬೇಕು ಅಂತ ಕಥೆ ಹುಡುಕುತ್ತಿದ್ದಾಗ, ಫೋನಿನಲ್ಲಿ ಕಥೆ ಓದುವ ಒಂದು ಆ್ಯಪ್‌ನಲ್ಲಿ ಹನ್ನೊಂದು ಅಧ್ಯಾಯದ ಒಂದು ಕಾದಂಬರಿ ಸಿಕ್ಕಿತು. ಓದಿದವರು ನೂರು ಜನವೂ ಇರಲಿಲ್ಲ. ಬರೆದವಳು ನಮ್ಮ ಊರಿನವಳೇ, ಬಿ.ಎಸ್ಸಿ. ಎರಡನೇ ವರ್ಷ. ಅವಳ ತಂದೆ ಮಾವಿನ ಮಂಡಿಯಲ್ಲಿ ಕಾಯಿಗಳನ್ನು ದರ್ಜೆ ಪ್ರಕಾರ ಬೇರೆ ಮಾಡುವ ಕೆಲಸದಲ್ಲಿದ್ದರು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗಿ ಅಷ್ಟು ಚೆಂದದ ಕನ್ನಡ ಬರೆದಿದ್ದಳು.

ಕಥೆ ಹೀಗಿತ್ತು. ಒಂದು ಊರು. ಅಲ್ಲಿ ಹದಿನೈದು ತುಂಬಿದ ಮಕ್ಕಳನ್ನೆಲ್ಲ ವರ್ಷಕ್ಕೊಂದು ದಿನ ಮಂಡಿಗೆ ಕರೆತರುತ್ತಾರೆ. ದರ್ಜೆ ಹೇಳುವ ಹಿರಿಯ ತನ್ನ ಕೈಯ ಮೇಲೆ, ಮಗುವಿನ ಕೈಯ ಮೇಲೆ ಒಂದೇ ಟವಲ್ ಹೊದಿಸುತ್ತಾನೆ. ಒಳಗೆ ಮಗುವಿನ ಬೆರಳು ಹಿಡಿದು ಒತ್ತುತ್ತಾನೆ. ಒಂದು ಬೆರಳು ಒತ್ತಿದರೆ ಕಡೆಯ ದರ್ಜೆ, ಜ್ಯೂಸಿಗೆ ಹೋಗುವ ಹಣ್ಣಿನ ಹಾಗೆ. ನಾಲ್ಕು ಬೆರಳು ಒತ್ತಿದರೆ ಮೊದಲ ದರ್ಜೆ. ಯಾವ ದಫ್ತರದಲ್ಲೂ ಬರೆಯುವುದಿಲ್ಲ, ಯಾರೂ ಇನ್ನೊಬ್ಬರನ್ನು ಕೇಳುವ ಹಾಗಿಲ್ಲ. ಮಾರನೇ ದಿನ ಬೆಳಿಗ್ಗೆ ಊರ ಹೊರಗೆ ನಾಲ್ಕು ಬಾಗಿಲು ತೆರೆಯುತ್ತವೆ. ಪ್ರತಿ ಮಗುವೂ ತನಗೆ ಹೇಳಿದ ಬಾಗಿಲಿನ ಮುಂದೆ ತಾನೇ ಹೋಗಿ ನಿಲ್ಲುತ್ತದೆ. ಒಂದನೇ ಬಾಗಿಲಿನ ಮುಂದೆ ನಿಂತವರು ಆಮೇಲೆ ತಲೆಯೆತ್ತುವುದಿಲ್ಲ.

ಕೊನೆಯಲ್ಲಿ ಹಿರಿಯ ಸಾಯುತ್ತಾನೆ. ಅವನ ಸಹಾಯಕ್ಕಿದ್ದ ಹುಡುಗಿಯೇ ಆ ಜಾಗಕ್ಕೆ ಬರುತ್ತಾಳೆ. ಅವಳು ಟವಲ್ ಹೊದಿಸಿ, ಬಂದ ಪ್ರತಿಯೊಬ್ಬರಿಗೂ ನಾಲ್ಕು ಬೆರಳು ಒತ್ತುತ್ತಾಳೆ. ಎಲ್ಲರೂ ತಮಗೊಬ್ಬರಿಗೇ ನಾಲ್ಕು ಅಂದುಕೊಂಡು ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಮೂರು ಬಾಗಿಲು ಖಾಲಿ. ನಾಲ್ಕನೇ ಬಾಗಿಲಿನ ಮುಂದೆ ಇಡೀ ಊರಿನ ಮಕ್ಕಳು ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಷ್ಟೇ. ಕಥೆ ಮುಗಿಯಿತು.

ಓದಿ ಫೋನ್ ಕೆಳಗಿಟ್ಟವನು ಮಾರನೇ ದಿನವೇ ಮಂಡಿಗೆ ಹೋದೆ.

ಹುಡುಗಿ ತಂದೆಯ ಜೊತೆಗೇ ಕೂತು ಮಾತಾಡಿದಳು. ಅವರನ್ನು ನಾನು ಚಾಚಾ ಅನ್ನುತ್ತಿದ್ದೆ.

"ಟವಲ್ ವ್ಯಾಪಾರ ನಾನ್ ಕಟ್ಟಿದ್ದಲ್ಲ ಅಣ್ಣ, ಅಬ್ಬಾ ಹೇಳಿದ್ದು" ಅಂದಳು.

"ಈಗ ಎಲ್ಲಾ ಕೂಗಾಟ ಬೇಟಾ" ಅಂದರು ಚಾಚಾ. "ಮುಂಚೆ ಹಂಗಲ್ಲ. ಮಾರೋನು, ತಗೊಳ್ಳೋನು, ಇಬ್ಬರ ಕೈನೂ ಟವಲ್ ಒಳಗೆ. ಬೆರಳು ಮುಟ್ಟಿದ್ರೆ ರೇಟು. ಪಕ್ಕದಲ್ಲಿ ಹತ್ತು ಜನ ನಿಂತಿದ್ರೂ ಒಬ್ಬನಿಗೂ ಗೊತ್ತಾಗಲ್ಲ. ಟವಲ್ ಒಳಗಿನ ಮಾತು ಟವಲ್ ಒಳಗೇ ಇರ್ಬೇಕು. ಹೊರಗೆ ಹೇಳಿದೋನ ಕೈ ಮತ್ತೆ ಯಾರೂ ಹಿಡೀತಿರ್ಲಿಲ್ಲ."

ಹುಡುಗಿ ಒಂದೇ ಮಾತು ಕೇಳಿದಳು. "ಕೊನೆ ಮಾತ್ರ ಹಾಗೇ ಇರ್ಲಿ ಅಣ್ಣ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ."

"ಅದನ್ನ ಯಾಕಮ್ಮ ಮುಟ್ತೀನಿ, ಅದೇ ಅಲ್ವಾ ಕಥೆ" ಅಂದೆ. ಮತ್ತೂ ಒಂದು ಮಾತು ಸೇರಿಸಿದೆ. ಅವಳಿಗೆ ಅದನ್ನು ಪುಸ್ತಕ ಮಾಡುವ ಆಸೆ ಇತ್ತು. ಬೆಂಗಳೂರಿನ ಒಬ್ಬ ಚಿಕ್ಕ ಪ್ರಕಾಶಕರು "ನೋಡೋಣ" ಅಂದಿದ್ದರಂತೆ. "ಸಿನಿಮಾ ಬರ್ಲಿ, ಪುಸ್ತಕ ತಾನಾಗೇ ಬರುತ್ತೆ. ಎಲ್ಲಾ ಕಡೆ ಹಂಗೇ ಆಗಿರೋದು" ಅಂದೆ. ಮೊದಲು ಮಾತು ಕೊಟ್ಟವನು ನಾನೇ, ಇದನ್ನು ನೆನಪಿಟ್ಟುಕೊಳ್ಳಿ.

ಹಣ್ಣಿನ ಕಾಲ ಮುಗಿದ ಮೇಲೆ ಮಂಡಿ ಖಾಲಿ. ಉದ್ದಕ್ಕೆ ತಗಡಿನ ಶೆಡ್ಡುಗಳು, ಒಣಗಿದ ಹುಲ್ಲು, ಮೂಲೆಯಲ್ಲಿ ತೂಕದ ಯಂತ್ರ. ಸೆಟ್ ಹಾಕುವುದೇ ಬೇಡ, ಅದಾಗಲೇ ಯಾವುದೋ ಕಾಲದ ಪಾಳು ಊರಿನಂತಿತ್ತು. ಯಜಮಾನರು ಆರು ದಿನ ಬಿಟ್ಟುಕೊಟ್ಟರು. ಕ್ಯಾಮೆರಾ ನನ್ನ ಗೆಳೆಯನದು, ಬೈರಕೂರಿನವನು, ನನ್ನ ಜೊತೆ ಮದುವೆಗಳಿಗೆ ಬರುತ್ತಾನೆ. ನಾಯಕಿ ನಮ್ಮ ಚಿಕ್ಕಪ್ಪನ ಮಗಳು. ಮೊದಲ ದಿನ ಕುರುಡುಮಲೆಯ ದೊಡ್ಡ ಗಣಪನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಗೆಳೆಯ ಗಣಪನನ್ನು ತಲೆಯೆತ್ತಿ ನೋಡಿ, "ಲೇ, ನಮ್ಮ ಲೆನ್ಸಿಗೆ ಈ ಸ್ವಾಮಿ ಮೂಗು ಕೂಡ ಹಿಡ್ಸಲ್ಲ ಕಣೋ" ಅಂದ. ಪ್ರಸಾದ ಕೊಟ್ಟಾಗ ಚಾಚಾ ತಗೊಂಡು, "ನಿಮ್ ಗಣಪ್ಪಂಗೆ ಮಳೆ ಬೇಡ ಅಂತ ಹೇಳಿದ್ರಾ ಇಲ್ವಾ?" ಅಂದರು.

ಹೇಳಿರಲಿಲ್ಲ. ಎರಡು ದಿನ ಸತತ ಮಳೆ. ತಗಡಿನ ಮೇಲೆ ಬೀಳುವ ಸದ್ದಿಗೆ ಒಂದು ಸಂಭಾಷಣೆಯೂ ರೆಕಾರ್ಡ್ ಆಗಲಿಲ್ಲ. ಕೊನೆಗೆ ಸಂಭಾಷಣೆಯನ್ನೇ ಕಿತ್ತು ಹಾಕಿದೆ. ಆಗ ಉಳಿದದ್ದು ಮುಖ, ಟವಲ್, ಎರಡು ಕೈ.

ಚಾಚಾ ತಾವೇ ಹಿರಿಯನ ಪಾತ್ರ ಮಾಡುತ್ತೇನೆ ಅಂದರು. ನಾಲ್ಕು ಬಾಗಿಲುಗಳನ್ನೂ ಅವರೇ ಮಾಡಿದ್ದು. ಹಳೆಯ ಮಾವಿನ ಪೆಟ್ಟಿಗೆಗಳನ್ನು ಬಿಚ್ಚಿ, ಒಂದೊಂದೇ ಹಲಗೆಯ ಮೊಳೆ ಕಿತ್ತು, ನೆಟ್ಟಗೆ ಮಾಡಿ, ಮತ್ತೆ ಹೊಡೆದು ಹದಿನೈದು ದಿನ ಕೂತು ಮಾಡಿದ್ದರು. ನಾಲ್ಕನೇ ಬಾಗಿಲಿಗೆ ಮಾತ್ರ ಮರಳು ಕಾಗದ ಉಜ್ಜಿದ್ದರು. ಯಾಕೆ ಅಂತ ಕೇಳಿದರೆ, "ಮಗಳ ಕಥೆಯಲ್ಲಿ ಎಲ್ಲಾ ಮಕ್ಕಳೂ ಇದನ್ನೇ ಮುಟ್ತಾರಲ್ಲ, ಸಿಬಿರು ಚುಚ್ಬಾರ್ದು" ಅಂದರು.

ಟವಲ್ ಶಾಟಿಗೆ ಐವತ್ತು ಎಂಎಂ ಲೆನ್ಸ್. ಟವಲ್ ಅಂಚಿನ ಪಕ್ಕದಲ್ಲಿ ಕೆಳಗಿನಿಂದ ಒಂದು ಚಿಕ್ಕ ಎಲ್‌ಇಡಿ, ಬಟ್ಟೆಯ ಮಡಿಕೆ ಅಲುಗಾಡುವುದು ಕಾಣಲಿ ಅಂತ. ಕಾಲರ್ ಮೈಕನ್ನು ತಂಗಿಯ ದುಪಟ್ಟಾದೊಳಗೆ ಸಿಕ್ಕಿಸಿದ್ದೆ, ಉಸಿರು ಬೇಕಿತ್ತು. ಹತ್ತು ಟೇಕ್ ಆಯಿತು. ತಂಗಿ ಸೀರಿಯಲ್ಲಿನವರ ಹಾಗೆ ಕಣ್ಣು ದೊಡ್ಡದು ಮಾಡುತ್ತಿದ್ದಳು. "ಎಷ್ಟು ಬೆರಳು ಅಂತ ನಿಂಗೆ ಮೊದಲೇ ಗೊತ್ತಿದ್ರೆ ಹಂಗೇ ಕಣೇ ಆಗೋದು" ಅಂತ ಬೈದೆ. ಚಾಚಾ ಟವಲ್ ಕೊಡವಿ ಮತ್ತೆ ಮಡಿಸಿಕೊಂಡರು.

ಹನ್ನೊಂದನೇ ಟೇಕ್. ಟವಲ್ ಹೊದಿಸಿದರು. ನಾಲ್ಕು ಅಂತ ಮಾತಾಗಿತ್ತು. ತಂಗಿಯ ಮುಖ ಮೊದಲು ಸುಮ್ಮನಿತ್ತು, ಆಮೇಲೆ ತುಟಿ ಒಂಚೂರು ಬಿರಿಯಿತು, ಏನನ್ನೋ ಕಾಯುವ ಹಾಗೆ. ಕಾದಳು. ಮತ್ತೆ ಯಾವ ಬೆರಳೂ ಬರಲಿಲ್ಲ. ಕಣ್ಣು ಕೆಳಗಿಳಿಯಿತು. ಕಟ್ ಹೇಳುವುದೇ ಮರೆತು ನಿಂತಿದ್ದೆ. ಗೆಳೆಯನೂ ಕ್ಯಾಮೆರಾ ನಿಲ್ಲಿಸಲಿಲ್ಲ.

"ಚಾಚಾ ಒಂದೇ ಒತ್ತಿದ್ರು ಅಣ್ಣ" ಅಂದಳು ತಂಗಿ, ಅಳು ಬಂದಿತ್ತು. "ನಾನೇನೋ ತಪ್ಪು ಮಾಡಿದೆ ಅನ್ನಿಸ್ತು."

ಚಾಚಾ ಅವಳ ತಲೆ ಸವರಿ, "ಸುಮ್ನೆ ಬೇಟಿ, ಸಿನಿಮಾ ಇದು" ಅಂದರು.

ಆರನೇ ದಿನ ಶಾಲೆಯ ಮಕ್ಕಳನ್ನು ಕರೆಸಿ ನಾಲ್ಕನೇ ಬಾಗಿಲಿನ ದೃಶ್ಯವನ್ನೂ ತೆಗೆದೆವು. ಮೋಡದ ಬೆಳಕು, ಯಾರ ನೆರಳೂ ಬೀಳುತ್ತಿರಲಿಲ್ಲ. ಹುಡುಗಿ ಒಂದು ಮೂಲೆಯಲ್ಲಿ ನಿಂತು ನೋಡಿದಳು. ಎರಡು ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು.

ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಮೊದಲ ಎಡಿಟ್ ಹನ್ನೆರಡು ನಿಮಿಷ ಬಂತು. ಗೆಳೆಯನ ಅಣ್ಣನ ಮೊಬೈಲ್ ಅಂಗಡಿಯಲ್ಲಿ ಆರು ಜನ ಹುಡುಗರನ್ನು ಕೂರಿಸಿ ತೋರಿಸಿದೆ. ನಾಲ್ಕನೇ ನಿಮಿಷಕ್ಕೆ ಒಬ್ಬ ಫೋನ್ ತೆಗೆದ.

"ಏಮಿರಾ ಇದಿ, ಇಷ್ಟೇನಾ? ಆಯ್ತಾ?" ಅಂದ ಒಬ್ಬ.

"ಟವಲ್ ಒಳಗೆ ಏನಾಯ್ತು ಅಂತ ತೋರ್ಸೇ ಇಲ್ಲ. ನಮಗೆ ಹೆಂಗ್ಲಾ ಗೊತ್ತಾಗ್ಬೇಕು?" ಅಂದ ಇನ್ನೊಬ್ಬ.

"ಎಲ್ಲಾ ಬಾಗಿಲ ಹತ್ರ ನಿಂತ್ಕೊಂಡ್ರು. ಬಸ್ಸಿಗೆ ಕಾಯ್ತಾವ್ರೆ ಅನ್ಕೊಂಡೆ ನಾನು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಗೆಳೆಯ ಮಾತ್ರ, "ನಂಗೆ ಅದೇ ಇಷ್ಟ ಆಯ್ತು ಕಣೋ, ಒಂದು ವಾರ ಬಿಟ್ಟು ಇನ್ನೊಂದ್ಸಲ ನೋಡು" ಅಂದ. ಕಾಯಲಿಲ್ಲ. ಮನೆಗೆ ಬಂದು ಚಾರ್ಟಿನ ಮುಂದೆ ನಿಂತೆ. ಏಳಕ್ಕೆ ಏಳು, ಬೆಂಕಿ. ಪ್ರಪಂಚವೆಲ್ಲ ಗೆದ್ದ ದಾರಿ ಗೋಡೆಯ ಮೇಲೆ ಇರುವಾಗ ನಾನ್ಯಾಕೆ ಟವಲ್ ಹಿಡಿದುಕೊಂಡು ಕೂತಿದ್ದೇನೆ ಅನ್ನಿಸಿತು. ಒಂದು ಗಂಟೆಯೂ ಹಿಡಿಯಲಿಲ್ಲ, ತೀರ್ಮಾನ ಮಾಡಿಬಿಟ್ಟೆ. ಟವಲ್ ಬೇಡ, ದೊಡ್ಡ ಪರದೆಯ ಮೇಲೆ ದರ್ಜೆಯ ಅಂಕಿ ಬರಲಿ. ಕೊನೆಯಲ್ಲಿ ಹುಡುಗಿ ನಾಲ್ಕೂ ಬಾಗಿಲಿಗೆ ಬೆಂಕಿ ಇಡಲಿ.

ಹುಡುಗಿಗೆ ಮೆಸೇಜ್ ಹಾಕಿದೆ: "ಸ್ವಲ್ಪ ಚೇಂಜಸ್ ಮಾಡ್ತಿದೀನಿ."

ಉತ್ತರ ಕೂಡಲೇ ಬಂತು: "ಸರಿ ಅಣ್ಣ. ಕೊನೆ ಮಾತ್ರ ಮುಟ್ಬೇಡಿ."

ಓದಿದೆ. ಓದಿದ್ದೇನೆ ಅಂತ ಅವಳಿಗೂ ಗೊತ್ತಾಗಿತ್ತು, ಎರಡು ನೀಲಿ ಗೆರೆ ಬಂದಿತ್ತು. ಉತ್ತರ ಬರೆಯಲಿಲ್ಲ. ತೋರಿಸಿದ ಮೇಲೆ ಒಪ್ಪುತ್ತಾಳೆ ಅಂದುಕೊಂಡೆ.

ಮಾಲೂರಿನ ಹತ್ತಿರ ಒಂದು ಇಟ್ಟಿಗೆ ಗೂಡಿನ ಬಯಲು ಸಿಕ್ಕಿತು. ಹಿಂದೆ ಚಿಮಣಿ, ಕೆಂಪು ಮಣ್ಣು, ಫ್ರೇಮ್ ನೋಡಿದರೆ ಮೈ ಜುಂ ಅನ್ನುವಂತಿತ್ತು. ಚಾಚಾ ಮನೆಯಿಂದ ಬಾಗಿಲುಗಳನ್ನು ಗೂಡ್ಸ್ ಆಟೋಗೆ ಹಾಕಿಸಿಕೊಂಡೆ. "ಇನ್ನೂ ಶೂಟಿಂಗ್ ಐತಾ?" ಅಂತ ಕೇಳಿದರು. "ಒಂದು ಶಾಟ್ ಬಾಕಿ ಚಾಚಾ" ಅಂದೆ. ಅವರೇ ಹಗ್ಗ ಬಿಗಿದು ಕಟ್ಟಿಕೊಟ್ಟರು, ನಾಲ್ಕನೇ ಬಾಗಿಲಿಗೂ ಮಿಕ್ಕವಕ್ಕೂ ಮಧ್ಯೆ ಒಂದು ಗೋಣಿ ಇಟ್ಟರು, ಒಂದಕ್ಕೊಂದು ಉಜ್ಜದಿರಲಿ ಅಂತ.

ಒಣಗಿದ ಮರ, ಎಂಟು ನಿಮಿಷದಲ್ಲಿ ಮುಗಿಯಿತು. ಒಂದೇ ಟೇಕ್, ಎರಡು ಕ್ಯಾಮೆರಾ, ಕೋಲಾರದಿಂದ ಬಾಡಿಗೆಗೆ ತಂದ ಡ್ರೋನ್. ತಂಗಿ ಬೆಂಕಿಯ ಮುಂದೆ ನಡೆದು ಬಂದಳು. ಅದ್ಭುತವಾಗಿ ಬಂತು, ಸುಳ್ಳು ಹೇಳುವುದಿಲ್ಲ.

ಹೊಸ ದೃಶ್ಯಗಳನ್ನು ಹಾರ್ಡ್ ಡಿಸ್ಕಿಗೆ ಹಾಕುವಾಗ ಜಾಗ ಸಾಲಲಿಲ್ಲ. ಒಂದು ಮದುವೆಯ ವಿಡಿಯೋ ಇತ್ತು, ಅದನ್ನು ಅಳಿಸುವ ಹಾಗಿರಲಿಲ್ಲ. "ಟವಲ್" ಅಂತ ಹೆಸರಿಟ್ಟ ಫೋಲ್ಡರ್ ಇತ್ತು. ಹನ್ನೊಂದನೇ ಟೇಕ್ ಅದರಲ್ಲೇ. ನಾಲ್ಕನೇ ಬಾಗಿಲಿನ ಮಕ್ಕಳೂ ಅದರಲ್ಲೇ. ಇನ್ನು ಬೇಕಾಗುವುದಿಲ್ಲ ಅಂತ ಅಳಿಸಿದೆ. ಕ್ಯಾಮೆರಾದ ಕಾರ್ಡುಗಳನ್ನು ಮೊದಲೇ ಮದುವೆಗಳಿಗೆ ಬಳಸಿಯಾಗಿತ್ತು. ಮೊದಲ ಎಡಿಟ್ಟೂ ಹೋಯಿತು.

ಕೋಲಾರದ ಒಂದು ಕಾಲೇಜಿನ ಸಭಾಂಗಣದಲ್ಲಿ ಮಧ್ಯಾಹ್ನ ಪ್ರದರ್ಶನ. ಜಾಗ ಸಾಲದೆ ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಹುಡುಗಿ, ಚಾಚಾ ಮೂರನೇ ಸಾಲಿನಲ್ಲಿ. ನಾನು ಪಕ್ಕದ ಬಾಗಿಲ ಹತ್ತಿರ, ಪರದೆ ನೋಡದೆ ಜನರನ್ನೇ ನೋಡುತ್ತಿದ್ದೆ. ಬೆಂಕಿ ಹತ್ತಿದಾಗ ಶಿಳ್ಳೆ, ಕೂಗು, ಚಪ್ಪಾಳೆ. ಅಷ್ಟು ಗದ್ದಲದ ಮಧ್ಯೆ ಚಾಚಾ ಮಾತ್ರ ನಿಧಾನವಾಗಿ ತಲೆ ಬಗ್ಗಿಸಿದರು. ಉರಿಯುತ್ತಿದ್ದದ್ದು ಅವರ ಬಾಗಿಲು. ಹುಡುಗಿ ಕಣ್ಣು ಮಿಟುಕಿಸದೆ ಕೊನೆಯವರೆಗೆ ನೋಡಿದಳು.

ನಾನು ದೊಡ್ಡ ಮನಸ್ಸಿನವನ ಹಾಗೆ ಅವಳನ್ನು ವೇದಿಕೆಗೆ ಕರೆದೆ. "ಕಥೆ ಬರೆದೋರು ಇವ್ರೇ" ಅಂತ ಮೈಕ್ ಕೊಟ್ಟೆ. ಅವಳು ಒಂದು ಕ್ಷಣ ಮೈಕನ್ನೇ ನೋಡಿ ಹೇಳಿದಳು:

"ಕಥೆ ನಂದು. ಕೊನೆ ಅಣ್ಣಂದು."

ಸಭೆ ಅದನ್ನು ಹೊಗಳಿಕೆ ಅಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ಹೊಡೆಯಿತು. ಮೈಕ್ ವಾಪಸ್ ಕೊಡುವಾಗ ಅವಳು ನನ್ನ ಮುಖ ನೋಡಲಿಲ್ಲ.

ಸಿನಿಮಾ ಆನ್‌ಲೈನಿಗೆ ಹಾಕಿದ ವಾರದಲ್ಲೇ ಓಡಿತು. ನಾನು ಯಾವತ್ತೂ ನೋಡಿರದಷ್ಟು ಜನ ನೋಡಿದರು. ಪುಸ್ತಕದ ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ ಕೆಳಗೆ ಅವಳ ಕಾದಂಬರಿಯ ಲಿಂಕ್ ಹಾಕಿದ್ದೆ. ಜನ ಹೋದರು, ಓದಿದರು. ನಾನು ಹೇಳಿದ್ದು ನಿಜವಾಗಿತ್ತು, ಸಿನಿಮಾ ನೋಡಿದವರು ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ. ಹೋಗಿ ಬರೆದರು: "ಮೂವಿ ಕ್ಲೈಮ್ಯಾಕ್ಸೇ ಸೂಪರ್, ಇದು ಸಪ್ಪೆ." "ಬೆಂಕಿ ಎಲ್ಲಿ?" "ಕೊನೆ ಅಧ್ಯಾಯ ಬರೆಯೋಕೆ ಮರೆತಿದ್ದೀರಾ ಮೇಡಂ?" ಬೆಂಗಳೂರಿನ ಪ್ರಕಾಶಕರು ಈಗ "ನೋಡೋಣ" ಅನ್ನಲಿಲ್ಲ, ಹೂಂ ಅಂದರು. ಆದರೆ ಮುಖಪುಟಕ್ಕೆ ನನ್ನ ಬೆಂಕಿಯ ಚಿತ್ರ ಬೇಕು, ಕೊನೆಯ ಅಧ್ಯಾಯ ಸಿನಿಮಾದಲ್ಲಿರುವ ಹಾಗೆ ಬದಲಾಗಬೇಕು ಅಂದರಂತೆ. ಅವಳು ಒಪ್ಪಲಿಲ್ಲ. ಪುಸ್ತಕ ಅಲ್ಲಿಗೆ ನಿಂತಿತು. ಸ್ವಲ್ಪ ದಿನದ ಮೇಲೆ ಲಿಂಕ್ ಒತ್ತಿದರೆ ಖಾಲಿ ಪುಟ. ಅವಳು ಹನ್ನೊಂದು ಅಧ್ಯಾಯವನ್ನೂ ತೆಗೆದುಹಾಕಿದ್ದಳು.

ಇದನ್ನೆಲ್ಲ ನನಗೆ ಹೇಳಿದ್ದು ಗೆಳೆಯ. "ಹಳೇ ಎಂಡಿಂಗ್ ಹಾಕ್ಬಿಡು ಕಣೋ, ಇದೇ ನಿಜವಾದ್ದು ಅಂತ ಹೇಳಿ" ಅಂದ. ಆಗ ಹಾರ್ಡ್ ಡಿಸ್ಕ್ ತೆಗೆದು ಕೂತೆ. ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಮೂರು ಪ್ರಯತ್ನಿಸಿದೆ. ಸಿಕ್ಕಿದ್ದು ಮುರಿದ ಒಂದು ತುಣುಕು, ಚಿತ್ರವಿಲ್ಲ, ತಂಗಿಯ ಉಸಿರಾಟದ ಸದ್ದು ಮಾತ್ರ, ಹದಿನೈದು ಸೆಕೆಂಡು. ಕಾಯುತ್ತಿರುವವರ ಉಸಿರು.

ಈ ಸಲ ಹಣ್ಣಿನ ಕಾಲ ಶುರುವಾದಾಗ ಮಂಡಿಗೆ ಹೋದೆ. ಶೆಡ್ಡಿನ ತುಂಬ ಮಾವಿನ ರಾಶಿ, ಟ್ರ್ಯಾಕ್ಟರುಗಳು, ಹರಾಜಿನ ಕೂಗು. ಚಾಚಾ ರಾಶಿಯ ಮುಂದೆ ಕೂತು ಕಾಯಿ ಆರಿಸುತ್ತಿದ್ದರು. ಹುಡುಗಿ ಕಾಲೇಜಿಗೆ ರಜೆಯಿದ್ದದ್ದರಿಂದ ಊಟದ ಡಬ್ಬಿ ತಂದಿದ್ದಳು.

"ಮತ್ತೆ ತೆಗೆಯೋಣ" ಅಂದೆ. "ಟವಲ್, ನಾಲ್ಕನೇ ಬಾಗಿಲು, ಎಲ್ಲಾ ನೀನು ಬರೆದ ಹಾಗೇ. ಬಾಗಿಲು ನಾನು ಮಾಡಿಸ್ತೀನಿ."

"ಬಿಡಿ ಅಣ್ಣ" ಅಂದಳು. ಕೋಪವಿರಲಿಲ್ಲ, ಅದೇ ಕಷ್ಟವಾಯಿತು. "ಈಗ ಏನ್ ತೋರ್ಸಿದ್ರೂ ಬೆಂಕಿ ಯಾವಾಗ ಬರುತ್ತೆ ಅಂತಾನೇ ಕಾಯ್ತಾರೆ."

"ತಪ್ಪಾಯ್ತಮ್ಮ. ಮೆಸೇಜ್ ಓದಿದ್ದೆ ನಾನು."

"ಗೊತ್ತು."

"ಏನಾಗಿದ್ದು ಅಂತ ಬರೀಲಾ? ಎಲ್ಲಾರಿಗೂ ತಿಳೀಲಿ."

ಡಬ್ಬಿಯ ಮುಚ್ಚಳ ಮುಚ್ಚಿ, ತೆಗೆದು, ಮತ್ತೆ ಮುಚ್ಚಿದಳು. "ಬರೀರಿ. ನನ್ನ ಕೊನೆ ಏನಿತ್ತು ಅಂತಾನೂ ಬರೀರಿ. ಏನೂ ಸೇರಿಸ್ಬೇಡಿ."

ಮೇಲೆ ಬರೆದಿದ್ದೇನೆ. ಏನೂ ಸೇರಿಸಿಲ್ಲ. ಈಗ ಅದು ಇರುವುದು ಇಲ್ಲಿ ಮಾತ್ರ.

ಹೊರಡುವಾಗ ಚಾಚಾ ಮುಂದೆ ನಿಂತೆ. ಬಾಗಿಲಿನ ವಿಷಯ ಹೇಳಬೇಕು ಅಂತ ಬಾಯಿ ತೆರೆದೆ. ಅವರು ಕಾಯಿ ಕೆಳಗಿಟ್ಟು ಹೆಗಲ ಮೇಲಿನ ಟವಲ್ ತೆಗೆದರು. ನನ್ನ ಬಲಗೈ ಹಿಡಿದು ಅದರ ಮೇಲೆ ಹೊದಿಸಿದರು. ಮಾವಿನ ಸೊನೆ ಅಂಟಿದ, ಒರಟು ಬೆರಳುಗಳು. ಮೊದಲು ನನ್ನ ಒಂದು ಬೆರಳು ಒತ್ತಿದರು. ಸರಿಯೇ ಅಂದುಕೊಂಡೆ, ನನ್ನ ದರ್ಜೆ ಅದೇ. ಅವರು ಕೈ ಬಿಡಲಿಲ್ಲ. ಎರಡನೆಯದು ಒತ್ತಿದರು. ಮೂರನೆಯದು. ಸುತ್ತ ಹತ್ತು ಜನ ಕೂಗಾಡುತ್ತಿದ್ದರು, ಯಾರೂ ನಮ್ಮ ಕಡೆ ನೋಡಲಿಲ್ಲ. ನಾಲ್ಕನೆಯದು ಒತ್ತಿ ಒಂದು ಕ್ಷಣ ಹಾಗೇ ಹಿಡಿದುಕೊಂಡರು, ಆಮೇಲೆ ಟವಲ್ ಎಳೆದು ಹೆಗಲಿಗೆ ಹಾಕಿ ಮತ್ತೆ ಕಾಯಿ ಆರಿಸಲು ಕೂತರು.

ಮಗಳ ಕಥೆಯಲ್ಲಿ ನಾಲ್ಕು ಬೆರಳು ಯಾರಿಗೆ ಒತ್ತುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಬಂದ ಪ್ರತಿಯೊಬ್ಬರಿಗೂ. ಅದನ್ನೇ ನಾನು ತೋರಿಸಲು ಆಗುವುದಿಲ್ಲ, ಜನಕ್ಕೆ ಅರ್ಥವಾಗುವುದಿಲ್ಲ ಅಂತ ಅಳಿಸಿದ್ದು. ಮಂಡಿಯಿಂದ ಬಸ್ ನಿಲ್ದಾಣದವರೆಗೆ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ನಡೆದೆ.

ಟವಲ್ ಒಳಗಿನದನ್ನು ಹೊರಗೆ ಹೇಳಬಾರದು. ಹೇಳಿದವನ ಕೈ ಮತ್ತೆ ಯಾರೂ ಹಿಡಿಯುವುದಿಲ್ಲವಂತೆ. ಆದರೂ ಹೇಳಿದ್ದೇನೆ. ಚಾರ್ಟ್ ಗೋಡೆಯಿಂದ ಕಿತ್ತು ಹಾಕಿದ್ದೇನೆ, ಅದರ ಅಂಟಿನ ಗುರುತು ಇನ್ನೂ ಇದೆ.

ನಿಮ್ಮಲ್ಲಿ ಕಥೆ ಬರೆಯುವವರು, ಸಿನಿಮಾ ಮಾಡುವವರು, ನಾಟಕ ಆಡಿಸುವವರು ಇರುತ್ತೀರಿ. ನಿಮ್ಮ ಕೊನೆಯನ್ನು ಯಾರಾದರೂ ಬದಲಿಸಿದ್ದರೆ, ಅಥವಾ ನನ್ನ ಹಾಗೆ ನೀವೇ ಇನ್ನೊಬ್ಬರ ಕೊನೆಯನ್ನು ಮುಟ್ಟಿದ್ದರೆ, ಕೆಳಗೆ ಬರೆಯಿರಿ. ಮೂಲದಲ್ಲಿ ಏನಿತ್ತು ಅನ್ನುವುದನ್ನೂ ಬರೆಯಿರಿ. ಹುಡುಗಿಗೆ ಈ ಪುಟ ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಂದಿದೆ.